ನೇಗಿಲು ನೆಲಕ್ಕಿಳಿದ ಮೇಲೆ

ಹೊರ್ತಿ,
ಸೆಪ್ಟೆಂಬರ್ ೨೬, ೨೦೨೪

ಪ್ರೀತಿಯ ತಬ್ರೇಜ ಅವರಿಗೆ ನಿಮ್ಮ ಫರಹತಳ ಸಲಾಂ.

ಬೆನ್ನುನೋವು ಹೇಗಿದೆ? ದಿನವಿಡೀ ಕ್ರೇನಿನಲ್ಲಿ ಕೂರುವವರು ನಡುನಡುವೆ ಇಳಿದು ನಾಲ್ಕು ಹೆಜ್ಜೆ ಹಾಕಬೇಕು. ನೀವು ಹಾಕುವುದಿಲ್ಲವೆಂದು ನನಗೆ ಗೊತ್ತು. ರತ್ನಾಗಿರಿಯ ಊಟ ಒಗ್ಗಿತೋ, ಇನ್ನೂ ರೊಟ್ಟಿಯದೇ ಧ್ಯಾನವೋ? ಇಲ್ಲಿ ಅತ್ತೆ, ಮಾವ, ನಾನು ಎಲ್ಲರೂ ಆರಾಮವಾಗಿದ್ದೇವೆ. ಫೋನಿನಲ್ಲಿ ಮಾತಾಡುವಾಗ ಮಾವ ಪಕ್ಕದಲ್ಲೇ ಇರುತ್ತಾರೆ. ಎದುರಿಗೆ ಹೊಗಳಿದರೆ ಎದ್ದು ಹೊರಗೆ ಹೋಗುವ ಮನುಷ್ಯ. ಅದಕ್ಕೇ ಈ ಕಾಗದ.

ಹೋದ ವಾರ ಒಳ್ಳೆ ಮಳೆಯಾಯಿತು. ಬಿಳಿಜೋಳದ ಬಿತ್ತನೆಗೆ ಊರೆಲ್ಲ ಅವಸರದಲ್ಲಿತ್ತು. ಆಗಲೇ ನಮ್ಮ ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಕೈಕೊಟ್ಟಿತು. ಎತ್ತಿದ ನೇಗಿಲು ತಾನಾಗಿ ಕೆಳಗೆ ಜಾರುತ್ತಿತ್ತು, ಹಿಂದಿನ ಮುಚ್ಚಳದ ಸುತ್ತ ಎಣ್ಣೆ ಒಸರುತ್ತಿತ್ತು. ಪಕ್ಕದ ಹೊಲದ ಯುನೂಸ ನೋಡಲು ಬಂದ. ಅವನಿಗೂ ನಮ್ಮ ಟ್ರ್ಯಾಕ್ಟರೇ ಬೇಕಿತ್ತಲ್ಲ. ಇಂಜಿನ್ ಓಡುತ್ತಿರುವಾಗಲೇ, ಎತ್ತಿದ ನೇಗಿಲಿಗೂ ಗಾಲಿಗೂ ನಡುವೆ ನುಸುಳಿ, ಮುಚ್ಚಳದ ಬೋಲ್ಟು ಬಿಗಿಯಲು ಪಾನಾ ಹಚ್ಚಿದ. ಜೋರು ಸಾಲದೆಂದು ಪಾನಾದ ಹಿಡಿಕೆಗೆ ಕಬ್ಬಿಣದ ಪೈಪು ಸಿಕ್ಕಿಸತೊಡಗಿದ್ದ. ಕಟ್ಟೆಯ ಮೇಲಿದ್ದ ಮಾವ ಕೂಗಾಡಲಿಲ್ಲ. ಎದ್ದು ಬಂದು, "ಯುನೂಸ, ಪಾನಾ ಅಲ್ಲೇ ಬಿಡು. ಮೊದ್ಲ ಹೊರಗ ಬಾ" ಅಂದರು. "ಒಂದ ಸುತ್ತು ಕಾಕಾ, ಆಗೇಬಿಡ್ತೈತಿ" ಅಂದ ಅವನು. "ಆ ಒಂದ ಸುತ್ತು ನಾ ಹಾಕ್ತೇನಿ. ನೀ ಬಾ" ಅಂದು ತೋಳು ಹಿಡಿದು ಹೊರಗೆಳೆದರು.

ಆಮೇಲೆ ನೇಗಿಲನ್ನು ನೆಲಕ್ಕಿಳಿಸಿ, ಇಂಜಿನ್ ಆರಿಸಿ, ಒಳಗೆ ತಡೆದು ನಿಂತ ಎಣ್ಣೆಯ ಒತ್ತಡ ಇಳಿಯಲೆಂದು ಲಿವರನ್ನು ಮೇಲೆ ಕೆಳಗೆ ಆಡಿಸಿದರು. ಎಣ್ಣೆ ತಣ್ಣಗಾಗುವವರೆಗೆ ಯಾರಿಗೂ ಮುಟ್ಟಗೊಡಲಿಲ್ಲ. ನಂತರ ಮಾವ ಅದೇ ಬೋಲ್ಟಿಗೆ ಮೆಲ್ಲಗೆ ಪಾನಾ ತಾಗಿಸಿದರೆ ಅದರ ತಲೆ ಕಳಚಿ ಕೈಗೇ ಬಂತು. ಒಳಗೆ ಎಂದೋ ಬಿರುಕು ಬಿಟ್ಟಿತ್ತು. ನೇಗಿಲು ಮೇಲಿದ್ದಾಗ ಆ ಪೈಪಿನ ಜೋರು ಬಿದ್ದಿದ್ದರೆ ಬೋಲ್ಟು ಮುರಿದು ನೇಗಿಲು ತನ್ನ ಮೇಲೆಯೇ ಕುಸಿಯುತ್ತಿತ್ತೆಂದು ಯುನೂಸನಿಗೆ ಯಾರೂ ಹೇಳಬೇಕಾಗಲಿಲ್ಲ. ಮಾವ ಬೈಯಲೂ ಇಲ್ಲ. "ಚಾ ಕುಡಿ. ಆಮ್ಯಾಲ ಹೋಗಿ ಹೊಸ ಬೋಲ್ಟು ತಗೊಂಡ ಬಾ" ಅಂದರು, ಅಷ್ಟೇ.

ಇಂಡಿ ಪಟ್ಟಣದ ಗ್ಯಾರೇಜಿನವರು ಬಂದು ಮುರಿದ ತುಂಡು ತೆಗೆದುಕೊಟ್ಟರು. ಬಿಗಿ ಎಷ್ಟಾಯಿತೆಂದು ಮುಳ್ಳು ತೋರಿಸುವ ಪಾನಾವನ್ನೂ ಬಿಟ್ಟುಹೋದರು. ಯುನೂಸ ತಂದ ಹೊಸ ಬೋಲ್ಟುಗಳ ತಲೆಯ ಗುರುತು ನೋಡಿ ಮಾವ ವಾಪಸ್ ಕಳಿಸಿದರು. "ಅಳತಿ ಒಂದ ಐತಿ, ತಾಕತ್ತು ಬ್ಯಾರೆ ಐತಿ" ಅಂದರು. ಅವನು ಮತ್ತೆ ಇಂಡಿಗೆ ಹೋಗಿ ಸರಿಯಾದವನ್ನು ತಂದ. ಮಾವನ ಮಂಡಿ ಈಗ ಬಗ್ಗುವುದಿಲ್ಲ, ಹಾಗಾಗಿ ಕೆಲಸಕ್ಕೆ ಕೈ ನನ್ನದಾಯಿತು. ಒಳಗಿನ ಸವೆದ ರಬ್ಬರ್ ರಿಂಗು ಬದಲಿಸಿದೆವು. ಬೋಲ್ಟಿನ ತೂತುಗಳನ್ನು ಒರೆಸಿ, ಮೊದಲು ಎಲ್ಲವನ್ನೂ ಬರಿಗೈಯಲ್ಲೇ ತಿರುಗಿಸಿ ಕೂರಿಸಿದೆ. ಬಳಿಕ ಒಂದನ್ನು ಬಿಗಿದರೆ ಅದರ ಎದುರಿನ ಮೂಲೆಯದು, ಹೀಗೆ ಸ್ವಲ್ಪ ಸ್ವಲ್ಪವೇ ಸುತ್ತು ಹಾಕಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಮುಳ್ಳು ಗುರುತಿಗೆ ಬಂದೊಡನೆ ಮಾವ "ಸಾಕವ್ವ, ಬಿಡು" ಅನ್ನುವರು. ಇನ್ನೊಂದಿಷ್ಟು ಬಿಗಿಯಲೇ ಎಂದರೆ ನಕ್ಕು, "ಹಿಂದ ಯಾರೋ ಹಂಗ ಇನ್ನೊಂದಿಷ್ಟು ಬಿಗದಾರ, ಅದಕ್ಕ ಅದು ಬಿರದೈತಿ" ಅಂದರು.

ಪರೀಕ್ಷೆಗೆಂದು ಮೊದಲು ನೇಗಿಲು ಕಟ್ಟದೆ ಹೈಡ್ರಾಲಿಕ್ ತೋಳುಗಳನ್ನಷ್ಟೇ ಎತ್ತಿ ಇಳಿಸಿದರು. ಒಸರುತ್ತಿದೆಯೇ ಎಂದು ನಾನು ಬೆರಳು ಚಾಚಿದರೆ ತಡೆದು ಕೈಗೆ ರಟ್ಟಿನ ತುಂಡು ಕೊಟ್ಟರು. ಒತ್ತಡದಲ್ಲಿರುವ ಎಣ್ಣೆ ಸಣ್ಣ ತೂತಿನಿಂದ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದಂತೆ. ರಟ್ಟು ಒಣಗಿಯೇ ಉಳಿಯಿತು. ನೇಗಿಲು ಕಟ್ಟಿ ಎತ್ತಿದರೂ ಜಾರಲಿಲ್ಲ. ಅಂದು ಸಂಜೆ ಮಾವ ಕೇಳದಿದ್ದರೂ ಅತ್ತೆ ಅವರಿಗೆ ಇನ್ನೊಂದು ಕಪ್ ಚಹಾ ಕೊಟ್ಟರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ನಿಮಗೇ ಗೊತ್ತು.

ಅತ್ತೆಯ ದುವಾ ನಿಮ್ಮ ಮೇಲಿದೆ. ಮಾವ ಬೇರೇನೂ ಹೇಳಲಿಲ್ಲ, ಕ್ರೇನಿನ ಕೆಳಗೆ ನಿಲ್ಲಬೇಡ ಎಂದು ಮಾತ್ರ ಬರೆಯಿಸಿದ್ದಾರೆ.

ನಿಮ್ಮ ದಾರಿ ನೋಡುತ್ತಿರುವ,
ಫರಹತ

ತಾ.ಕ.: ಬಸವನ ಬಾಗೇವಾಡಿಯಿಂದ ನೀವು ಗೊತ್ತುಮಾಡಿದ ಟ್ರ್ಯಾಕ್ಟರ್ ಡ್ರೈವರಿಗೆ ಬರುವುದು ಬೇಡವೆಂದು ಹೇಳಿಬಿಡಿ. ನನಗೆ ಹೋದ ತಿಂಗಳೇ ಲೈಸೆನ್ಸ್ ಬಂದಿದೆ, ಮಾವನೇ ಕಲಿಸಿದ್ದು. ನಿನ್ನೆ ಹಳ್ಳದ ದಂಡೆಯ ಹೊಲವಿಡೀ ನಾನೇ ಟ್ರ್ಯಾಕ್ಟರ್ ಹೊಡೆದೆ. ಮಾವ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಒಮ್ಮೆಯೂ ಕೈಯೆತ್ತಿ ನಿಲ್ಲಿಸಲಿಲ್ಲ.