ಕಸದ ಬುಟ್ಟಿಯ ನೊರೆ

ಮಾರ್ಚ್ ೧೪, ಗುರುವಾರ

ಗೆದ್ದೆ! ಮೂರು ತಿಂಗಳಿಂದ ಇದೇ ಕಾಟ. ಸೋಪಿನ ನೀರಿಗೆ ಜೇಡಿಮಣ್ಣು ಕಲಸಿ, ಸೋಸಿ, ನೀರಿನಲ್ಲಿ ಉಳಿದ ಸೋಪನ್ನು ಅಳೆದರೆ, ಮಣ್ಣಿನ ಕಣಗಳು ಮೈಗೆ ಅಂಟಿಸಿಕೊಳ್ಳಬಲ್ಲದ್ದಕ್ಕಿಂತ ಎಷ್ಟೋ ಹೆಚ್ಚು ಸೋಪು ಮಾಯವಾಗಿರುತ್ತಿತ್ತು. "ನಿಮ್ಮ ಮಣ್ಣು ಭಾರೀ ಹೊಟ್ಟೆಬಾಕ ಕಣ್ರೀ," ಎಂದು ಪ್ರೊಫೆಸರ್ ಎಲ್ಲರೆದುರು ನಕ್ಕಿದ್ದರು.

ಬೆಳಿಗ್ಗೆ ಲ್ಯಾಬ್ ಗುಡಿಸುವ ಅಕ್ಕ ರೇಗಿದರು: "ನೀವು ಬಿಸಾಕೋ ಸೋಸೋ ಕಾಗದದ ಮೇಲೆ ನೀರು ಬಿದ್ರೆ ಬುಟ್ಟಿ ತುಂಬಾ ನೊರೆ!"

ನಿಂತಲ್ಲೇ ನಿಂತೆ. ಮಣ್ಣೇ ಹಾಕದ ಸೋಪಿನ ನೀರನ್ನು ಸೋಸಿ ನೋಡಿದೆ. ಆಗಲೂ ಸೋಪು ಕಡಿಮೆ! ಸೋಪು ಕುಡಿಯುತ್ತಿದ್ದದ್ದು ಕಾಗದ. ಸೋಸುವುದನ್ನು ಬಿಟ್ಟು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಮಣ್ಣನ್ನು ತಳಕ್ಕಿಳಿಸಿ ಅಳೆದೆ. ಲೆಕ್ಕವೆಲ್ಲ ಸರಿಹೋಯಿತು. ಪ್ರೊಫೆಸರ್ ಲೆಕ್ಕದ ಹಾಳೆಯನ್ನು ಎರಡು ಸಲ ನೋಡಿ ಕನ್ನಡಕ ತೆಗೆದರು.

ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದರೆ ಅಕ್ಕ, "ಹೆಸರು ಹಾಗಿರ್ಲಿ, ಬುಟ್ಟಿ ನೀವೇ ತೊಳೀರಿ," ಎಂದರು.

ಹಾಡಿಕೊಂಡು ತೊಳೆದೆ. ಅಂಥ ಚೆಂದದ ನೊರೆಯನ್ನು ಈ ಜನ್ಮದಲ್ಲಿ ಕಂಡಿರಲಿಲ್ಲ.