ನೀಲಿ ಬಿಲ್ಲೆಯ ಹಸುಗಳು

ಓಪುನಾಕೆ, ತರನಾಕಿ
ಏಪ್ರಿಲ್ ೧೪, ಸೋಮವಾರ

ಮುದ್ದಿನ ಮೊಮ್ಮಗಳು ಮೆರೆಯಾನಾಳಿಗೆ ಅಜ್ಜನ ಬಿಗಿ ಅಪ್ಪುಗೆ,

ಹೇಗಿದ್ದೀಯ ಮಗಳೇ? ದಕ್ಷಿಣದ ತುದಿಯ ಆ ಬ್ಲಫ್ ಊರಿನ ಗಾಳಿ ಮೂಳೆಗೇ ಇಳಿಯುತ್ತದಂತೆ. ದಿನವಿಡೀ ಸಿಂಪಿ ಬಿಡಿಸಿ ಬಿಡಿಸಿ ಕೈ ಬಿರಿದಿಲ್ಲ ತಾನೆ? ಅಜ್ಜಿ ಕಳಿಸಿದ ಹೊಗೆಯಾಡಿಸಿದ ಹಾವುಮೀನು ಮುಟ್ಟಿತೇ? ಒಬ್ಬಳೇ ತಿನ್ನಬೇಡ, ಜೊತೆಯವರಿಗೂ ಕೊಡು. ನನ್ನ ಮಂಡಿನೋವು ಹಾಗೇ ಇದೆ. ವಯಸ್ಸಾಗಿರುವುದು ಮಂಡಿಗೆ, ನನಗಲ್ಲ.

ಇನ್ನು ಸುದ್ದಿ. ಕೈಯಲ್ಲಿರುವ ಚಾಕು ಕೆಳಗಿಟ್ಟು ಓದು. ನೀನು ಗೆದ್ದುಬಿಟ್ಟೆ ಕಣೇ! ನಿನ್ನ ತೊಗಟೆ ಕಷಾಯ ಗೆದ್ದಿತು! ಕಳೆದ ನವೆಂಬರಿನಲ್ಲಿ ನೀನು ಜಾಲಿಯ ತೊಗಟೆ ಕುದಿಸಿ ಆ ಒಗರು ಕಷಾಯ ಇಳಿಸಿದಾಗ, ಹಸುವಿನ ಹೊಟ್ಟೆಯಲ್ಲಿ ಹುಲ್ಲು ಹುಳಿಯುವ ರೀತಿಯನ್ನೇ ಇದು ತಿದ್ದುತ್ತದೆ, ತೇಗಿನಲ್ಲಿ ಹೋಗಿ ಭೂಮಿಯನ್ನು ಕಾಯಿಸುವ ಮೀಥೇನ್ ಅನಿಲ ಇಳಿಯುತ್ತದೆ ಎಂದಿದ್ದೆ. ಬೇಲಿಯಾಚೆಯ ಕಾಲಿನ್ "ಏನ್ ರೇವೆಟಿ, ಹಸು ತೇಗೋಕೂ ಇನ್ಮೇಲೆ ಮೊಮ್ಮಗಳ ಅಪ್ಪಣೆ ಬೇಕಾ?" ಎಂದು ಹಲ್ಲುಕಿರಿದಿದ್ದ. ಇಪ್ಪತ್ತು ಹಸುಗಳ ಕಿವಿಗೆ ಕೆಂಪು ಬಿಲ್ಲೆ, ಅವಕ್ಕೆ ಕಷಾಯ ಬೆರೆಸಿದ ಕಾಕಂಬಿ. ಇಪ್ಪತ್ತಕ್ಕೆ ನೀಲಿ ಬಿಲ್ಲೆ, ಅವಕ್ಕೆ ಬರೀ ಕಾಕಂಬಿ. ಆರು ವಾರದ ಮೇಲೆ ಉಸಿರು ಅಳೆಯುವ ಯಂತ್ರ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ ಎಂದಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ನೀನು ಟಿಪ್ಪಣಿಗಳನ್ನೆಲ್ಲ ಒಲೆಗೆ ಹಾಕಿ, "ನಂಗೆ ಈ ವಿದ್ಯೆ ಹತ್ತಲ್ಲ ಅಜ್ಜ" ಎಂದು ಚೀಲ ಕಟ್ಟಿಕೊಂಡು ಹೊರಟೆ. ಬಸ್ಸು ತಿರುವು ದಾಟುವವರೆಗೂ ನಿಂತಿದ್ದೆ. ಅಂದು ನನಗೆ ಊಟ ಸೇರಲಿಲ್ಲ.

ಆಮೇಲೆ ನಾನೇ ನಿನ್ನ ಗುರುಗಳಾದ ಡಾಕ್ಟರ್ ಫೆನ್ವಿಕ್ ಮೇಡಂ ಹತ್ತಿರ ಹೋಗಿ, ಇನ್ನೊಂದು ಸಲ ಪರೀಕ್ಷೆ ಮಾಡಿ ಎಂದು ಕೈಮುಗಿದೆ. ಯಾಕೆ ಎಂದರು. ಹೇಳಿದೆ. ಆ ತಾಯಿ ಮೊದಲು ಕೆಂಪಗಾದರು, ಆಮೇಲೆ ಬಿದ್ದು ಬಿದ್ದು ನಕ್ಕರು. ಕಷಾಯ ನೀನು ಡ್ರಮ್ಮಿನಲ್ಲಿ ಉಳಿಸಿ ಹೋದದ್ದೇ, ಆದರೆ ಈ ಸಲ ಬಕೆಟ್ಟು ಹಿಡಿದವಳು ನಿನ್ನ ಅಜ್ಜಿ. ನಾನು ಕೊಟ್ಟಿಗೆಯ ಹತ್ತಿರವೂ ಸುಳಿಯಕೂಡದು ಎಂದು ಕಟ್ಟಪ್ಪಣೆಯಾಯಿತು. ನಲವತ್ತು ದಿನ ನನ್ನ ಹಸುಗಳನ್ನು ನಾನೇ ಬೇಲಿಯಾಚೆಯಿಂದ ನೋಡಿದೆ.

ಮೊನ್ನೆ ಶುಕ್ರವಾರ ಫಲ ಬಂತು. ಕೆಂಪು ಬಿಲ್ಲೆಯವುಗಳ ತೇಗಿನಲ್ಲಿ ಮೀಥೇನ್ ನೂರಕ್ಕೆ ಹದಿನಾಲ್ಕು ಪಾಲು ಕಡಿಮೆ! ಹಾಲು ಒಂದು ಲೋಟವೂ ಇಳಿದಿಲ್ಲ. ಅಜ್ಜಿ ಬಕೆಟ್ಟು ಬಡಿದುಕೊಂಡು ಅಂಗಳದಲ್ಲೇ ಕುಣಿದಳು, ನಾನು ಹಾಡಿದೆ, ನಾಯಿ ಹೆದರಿ ಟ್ರ್ಯಾಕ್ಟರಿನ ಕೆಳಗೆ ಸೇರಿತು. ಆ ಕಾಲಿನ್ ಈಗ ದಿನಾ ಬಂದು "ನಂಗೂ ಒಂದು ಡ್ರಮ್ ಮಾಡಿಸ್ಕೊಡೋ ಮಾರಾಯ" ಎಂದು ಗೋಗರೆಯುತ್ತಾನೆ. ಮಾಡುವವಳು ಊರಲ್ಲಿಲ್ಲ, ಕಾಯಿ ಎಂದಿದ್ದೇನೆ. ಡಾಕ್ಟರ್ ನಿನ್ನ ಜಾಗವನ್ನು ಯಾರಿಗೂ ಕೊಟ್ಟಿಲ್ಲ. ವರದಿಯ ನೆತ್ತಿಯ ಮೇಲೆ ನಿನ್ನದೇ ಹೆಸರು. ನನಗೆ ಹೆಮ್ಮೆ ಉಕ್ಕಿ ಬರುತ್ತಿದೆ ಮಗಳೇ, ಮುಚ್ಚಿಟ್ಟುಕೊಳ್ಳಲು ಬರುವುದಿಲ್ಲ.

ಹಿರಿಯರೆಲ್ಲ ನಿನ್ನ ಬೆನ್ನಿಗೆ ನಿಂತಿರಲಿ. ಅಜ್ಜಿ ಎರಡು ಕೆನ್ನೆಗೂ ಮುತ್ತು ಕಳಿಸಿದ್ದಾಳೆ.

ನಿನ್ನ ಅಜ್ಜ,
ರೇವೆಟಿ

ತಾ.ಕ.: ಹಾಲಿನ ಟ್ಯಾಂಕರು ಗೇಟಿಗೆ ಬಂತು, ಬೇಗ ಹೇಳಿಬಿಡುತ್ತೇನೆ. ಮೊದಲ ಸಲ ನಿನ್ನ ಕಷಾಯ ಸೋಲಲಿಲ್ಲ. ಎರಡನೇ ದಿನವೇ ಕೆಂಪು ಬಿಲ್ಲೆಯವುಗಳ ಹೊಟ್ಟೆಯುಬ್ಬರ ಇಳಿದದ್ದನ್ನು ಕಣ್ಣಾರೆ ಕಂಡೆ. ನೀಲಿಯವು ಉಬ್ಬಿದ ಹೊಟ್ಟೆ ಹೊತ್ತು ಪಕ್ಕದಲ್ಲೇ ನಿಂತಿದ್ದವು. ನಮ್ಮ ಕುಲದವರೆಲ್ಲ ಸೇರುವ ಮರಾಯೆಯ ಊಟದ ಮನೆಯಲ್ಲಿ ಐವತ್ತು ವರ್ಷ ಬಡಿಸಿದ ಕೈ ಇದು. ಬಂದವರಿಗೆಲ್ಲ ಒಂದೇ ಊಟ, ಪಂಕ್ತಿಭೇದ ಗೊತ್ತಿಲ್ಲ. ನೀನು ಆಚೆ ಹೋದ ತಕ್ಷಣ ನೀಲಿಯವಕ್ಕೂ ಕಷಾಯ ಸುರಿಯುತ್ತಿದ್ದೆ, ಅಂದಿನಿಂದ ಆರು ವಾರ ಮುಗಿಯುವವರೆಗೂ. ನೀನು ಅಳುವಾಗಲೂ ಬಾಯಿ ಬಿಡಲಿಲ್ಲ. ಹೇಡಿಯಾದೆ. ವಿದ್ಯೆ ಹತ್ತದೆ ಹೋದದ್ದು ನನಗೆ, ನಿನಗಲ್ಲ. ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಬಂದು ಎದುರಿಗೇ ಬೈಯಿ. ಗುರುವಾರದ ಬಸ್ಸಿಗೆ ಕಾಯುತ್ತಿರುತ್ತೇನೆ.