ರೆಕ್ಕೆಗೆ ಮೂಟೆಯ ಹೊಲಿಗೆ

ಕುಂದೂರು
೫ ಡಿಸೆಂಬರ್ ೨೦೨೫, ಶುಕ್ರವಾರ ಬೆಳಿಗ್ಗೆ

ನಟರಾಜ್ ಅವರಿಗೆ ಸುಚಿತ್ರಾಳ ನಮಸ್ಕಾರ.

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಡೆದುಹಾಕಿದ್ದು ಕಾಣಿಸುತ್ತದೆ, ಕಾಣಲಿ. ಎರಡು ತಿಂಗಳಿನಿಂದ ತವರಿನಲ್ಲಿ ಕೂತ ಹೆಂಡತಿ ಇದಕ್ಕಿಂತ ಚೆನ್ನಾಗಿ ಶುರುಮಾಡುವುದು ಹೇಗೋ ನನಗೆ ಗೊತ್ತಿಲ್ಲ. ಕಾಗದ ಹರಿಯುವ ಮೊದಲು ಇಷ್ಟು ಓದಿ: ಭಾನುವಾರ ನೀವು ಆ ವಿಮಾನ ಹತ್ತಬಾರದು. ಬಲಗಡೆಯ ಮೇಲಿನ ರೆಕ್ಕೆಯ ಹೊಲಿಗೆ ಸರಿಯಿಲ್ಲ.

ನೀವು ನಗುತ್ತೀರಿ. ನಗಲು ಕಾರಣ ಒದಗಿಸಿದವಳೂ ನಾನೇ. ಮೇ ತಿಂಗಳಲ್ಲಿ ಎಂಜಿನ್ನಿನ ಎರಡು ಪ್ಲಗ್ಗು ಕಾಣೆಯಾದಾಗ ಇಲಿ ಎಳೆದುಕೊಂಡು ಹೋಗಿರಬೇಕು ಎಂದಿದ್ದೆ. ಅವು ಅಕ್ಕಿ ಡಬ್ಬದಲ್ಲಿದ್ದವು. ಜುಲೈನಲ್ಲಿ ಅಮ್ಮನಿಗೆ ಉಸಿರು ಸಿಗುತ್ತಿಲ್ಲ ಎಂದು ಫೋನು ಮಾಡಿಸಿದೆ. ನೀವು ಎಂಜಿನ್ ಪರೀಕ್ಷೆ ಬಿಟ್ಟು ಹೆತ್ತೂರಿನಿಂದ ಓಡಿಬಂದರೆ ಅಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. “ಇನ್ಮೇಲೆ ನಿನ್ ಮಾತು ನಂಬಿದ್ರೆ ನಾನೇ ಪೆದ್ದ ಕಣೇ” ಎಂದು ನೀವು ಚಪ್ಪಲಿ ಮೆಟ್ಟಿಕೊಂಡು ಹೊರಟಿರಿ. ಅದಕ್ಕೇ ಈ ವಾರ ನನ್ನ ಫೋನನ್ನೆಲ್ಲ ಕತ್ತರಿಸುತ್ತಿದ್ದೀರಿ.

ನಿನ್ನೆ ಬಸ್ಸು ಹತ್ತಿ ಷೆಡ್ಡಿಗೇ ಬಂದಿದ್ದೆ. ನೀವು ಗೇಟಿನಲ್ಲಿ ಲಕ್ಕಪ್ಪನನ್ನು ಕಾವಲು ನಿಲ್ಲಿಸಿದ್ದೀರಿ. ಪಾಪ, ಅವನು ತಲೆಯನ್ನೇ ಎತ್ತಲಿಲ್ಲ. “ನಿಮ್ಮನ್ನ ಒಳಕ್ ಬುಟ್ರೆ ಯಜಮಾನ್ರು ನನ್ನ ಕೆಲ್ಸದಿಂದ ತೆಗ್ದುಬುಡ್ತಾರೆ ಕಣ್ರವ್ವಾ, ಏನಾರ ಇದ್ರೆ ಬರ್ದು ಕೊಡಿ, ನಾನೇ ಕೈಗ್ ಕೊಡ್ತೀನಿ” ಎಂದ. ಕಿಂಡಿಯಲ್ಲಿ ವಿಮಾನದ ಬಾಲ ಕಾಣಿಸಿತು. ಬೆಳ್ಳಿ ಬಣ್ಣ ಬಳಿದಿದ್ದೀರಿ. ಚೆನ್ನಾಗಿತ್ತು.

ಗಿಡ್ಡಯ್ಯಜ್ಜನ ವಿಮಾನ ನಿಮಗೆ ಏನು ಎಂದು ನನಗೆ ಗೊತ್ತಿಲ್ಲವೇ? ಬಿಸಿಲೆ ಕಡೆಯ ಎಸ್ಟೇಟಿನಲ್ಲಿ ಮೆಕ್ಯಾನಿಕ್ ಆಗಿದ್ದ ನಿಮ್ಮ ಅಜ್ಜ, ದೊರೆಯ ಜೋಡಿ ರೆಕ್ಕೆಯ ವಿಮಾನ ಒರೆಸುತ್ತ ಒರೆಸುತ್ತ ಹಾರಿಸುವುದನ್ನೂ ಕಲಿತು, ಸರಿಯಾಗಿ ತೊಂಬತ್ತು ವರ್ಷದ ಹಿಂದೆ ಡಿಸೆಂಬರ್ ಏಳರಂದು ಹೆತ್ತೂರಿನ ಹುಲ್ಲುಗುಡ್ಡದ ಮೇಲೆ ಇಳಿಸಿದ ಕಥೆಯನ್ನು ಮದುವೆಯಾದ ಮೊದಲ ವಾರದಲ್ಲೇ ನಾಲ್ಕು ಸಲ ಕೇಳಿದ್ದೇನೆ. ಹಳೆಯ ಕಾಫಿ ಸ್ಟೋರಿನಲ್ಲಿ ಅದರ ಅಸ್ಥಿಪಂಜರ ಸಿಕ್ಕಿದ ದಿನ ನೀವು ಅತ್ತಿರಿ. ಆರು ವರ್ಷ ಅದಕ್ಕೆ ದುಡಿದಿರಿ. ನನಗೆ ಅದರ ಮೇಲೆ ಹೊಟ್ಟೆಕಿಚ್ಚಿತ್ತು, ಇದೆ.

ಆದರೂ ರೆಕ್ಕೆ ಹೊಲಿದ ಆ ಮೂರು ವಾರ ಸುಳ್ಳಲ್ಲ. ನಾನು ಈ ಕಡೆಯಿಂದ ಸೂಜಿ ಚುಚ್ಚಿದರೆ ನೀವು ಆ ಕಡೆಯಿಂದ ವಾಪಸು ಕೊಡುತ್ತಿದ್ದಿರಿ. ಬಟ್ಟೆಯನ್ನು ಮರದ ಅಡ್ಡಪಟ್ಟಿಗೆ ಬಿಗಿದು, ಗೇಣಿಗಿಂತ ಕಡಿಮೆ ಅಂತರಕ್ಕೊಂದು ಗಂಟು, ಒಂದೊಂದು ಗಂಟೂ ತನ್ನಷ್ಟಕ್ಕೆ ಬಿಗಿ. ಒಂದು ಬಿಚ್ಚಿದರೂ ಪಕ್ಕದ್ದು ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಗಾಳಿ ಬಟ್ಟೆಯನ್ನು ಸುಲಿದುಬಿಡುತ್ತದೆ ಎಂದು ಕಲಿಸಿದವರು ನೀವು. ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಎದುರುಬದುರು ಕೂತದ್ದು ಆಗಲೇ.

ಈಗ ವಿಷಯ. ಸೆಪ್ಟೆಂಬರಿನಲ್ಲಿ ನೀವು ಬಣ್ಣ ತರಲು ಹಾಸನಕ್ಕೆ ಹೋದ ದಿನ, ತುದಿಯ ನಾಲ್ಕು ಅಡ್ಡಪಟ್ಟಿಗಳು ಬಾಕಿಯಿದ್ದವು. ಅವನ್ನು ಹೊಲಿದದ್ದು ನಮ್ಮ ಸ್ಟೋರಿನ ಭದ್ರಮ್ಮ. ವರ್ಷಕ್ಕೆ ಸಾವಿರ ಕಾಫಿ ಮೂಟೆಯ ಬಾಯಿ ಹೊಲಿಯುವ ಕೈ ಅದು. ಮೂಟೆ ಹೊಲಿಯುವುದು ಆಮೇಲೆ ಬಿಚ್ಚುವುದಕ್ಕೇ ಅಲ್ಲವೇ? ಒಂದು ತುದಿ ಕತ್ತರಿಸಿ ಎಳೆದರೆ ದಾರ ಪೂರ್ತಿ ಸರ್ರನೆ ಬರಬೇಕು. ಅವಳು ದಬ್ಬಣ ಹಿಡಿದು ಅದೇ ಹೊಲಿಗೆ ಹಾಕಿಬಿಟ್ಟಳು. ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನಾನೇ ಹೊಲಿದೆನೆಂದು ನಂಬಿ, ತಿರುಗಿ ನೋಡದೆ ನೀವು ಅದರ ಮೇಲೆ ಟೇಪು ಅಂಟಿಸಿದಿರಿ, ಬಣ್ಣ ಬಂತು, ಮುಚ್ಚಿಹೋಯಿತು. ಹಾರಾಟಕ್ಕೆ ಅನುಮತಿ ಬರುವುದೇ ಇಲ್ಲ ಎಂದು ನಾನು ಧೈರ್ಯವಾಗಿದ್ದೆ. ಹೋದ ಸೋಮವಾರ ಬಂತಂತೆ. ಅವತ್ತಿನಿಂದ ನಿಮಗೆ ಫೋನು ಮಾಡುತ್ತಲೇ ಇದ್ದೇನೆ.

ನನ್ನನ್ನು ನಂಬಬೇಡಿ, ನಿಮ್ಮ ಕೈಯನ್ನು ನಂಬಿ. ಬಲಗಡೆ, ಮೇಲಿನ ರೆಕ್ಕೆ, ತುದಿಯಿಂದ ಮೂರನೇ ಅಡ್ಡಪಟ್ಟಿ. ಟೇಪನ್ನು ಬ್ಲೇಡಿನಿಂದ ಎಬ್ಬಿಸಿ, ದಾರದ ತುದಿ ಕತ್ತರಿಸಿ ಎಳೆಯಿರಿ. ಬರದಿದ್ದರೆ ಹಾರಿ; ನಾನು ಗುಡ್ಡದ ಮೇಲೆ ನಿಂತು ಎಲ್ಲರ ಜೊತೆ ಚಪ್ಪಾಳೆ ಹೊಡೆಯುತ್ತೇನೆ, ಮತ್ತೆಂದೂ ತಡೆಯುವುದಿಲ್ಲ. ಬಂದರೆ, ಆ ನಾಲ್ಕನ್ನೂ ಬಿಚ್ಚಿ ಹೊಸದಾಗಿ ಹೊಲಿಯಬೇಕು. ಭಾನುವಾರ ತಪ್ಪುತ್ತದೆ. ಅಜ್ಜನ ತಾರೀಖು ತಪ್ಪುತ್ತದೆ. ಬಂದವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ರೀ, ನೀವು ಇರುತ್ತೀರಿ.

ಲಕ್ಕಪ್ಪ ಇದನ್ನು ಕೊಟ್ಟ ಮೇಲೂ ಗೇಟಿನ ಆಚೆಯೇ ನಿಂತಿರುತ್ತೇನೆ. ಕರೆದರೆ ಬರುತ್ತೇನೆ.

ನಿಮ್ಮ
ಸುಚಿತ್ರಾ

ವಿ.ಸೂ.: ಬಸ್ಸಿನಲ್ಲಿ ಕೂತು ಇದನ್ನು ಸೇರಿಸುತ್ತಿದ್ದೇನೆ, ಅಕ್ಷರ ಅಲುಗಿದೆ. ಭದ್ರಮ್ಮನನ್ನು ಬೈಯಬೇಡಿ. ಅವತ್ತು ಅವಳು ಮಗಳ ಬಾಣಂತನಕ್ಕೆ ಹೋಗಿದ್ದಳು, ಕೆಲಸಕ್ಕೇ ಬಂದಿರಲಿಲ್ಲ. ಆ ನಾಲ್ಕನ್ನೂ ಹೊಲಿದವಳು ನಾನು, ಗೊತ್ತಿದ್ದೂ ಗೊತ್ತಿದ್ದೂ. ಟೇಪು ಅಂಟಿಸುವ ಮೊದಲು ಇನ್‌ಸ್ಪೆಕ್ಟರು ಒಂದೊಂದು ಗಂಟನ್ನೂ ಮುಟ್ಟಿ ನೋಡುತ್ತಾರೆ ಎಂದು ನೀವು ಹೇಳಿದ್ದಿರಿ. ಅವರ ಕಣ್ಣಿಗೆ ಬೀಳಲಿ, ವಿಮಾನ ನೆಲ ಬಿಟ್ಟು ಏಳದಿರಲಿ ಎಂದು ಹೊಲಿದೆ. ಅವರು ನಾವಿಬ್ಬರೂ ಹೊಲಿದ ಮೊದಲ ಎರಡು ಸಾಲು ಮಾತ್ರ ನೋಡಿ, “ನಿಮ್ಮ ಮನೆಯವರ ಕೈ ಬಹಳ ಅಚ್ಚುಕಟ್ಟು” ಎಂದು ಸಹಿ ಹಾಕಿ, ನಾನು ಕೊಟ್ಟ ಕಾಫಿ ಕುಡಿದು ಹೋದರು. ನೀವು ಹೆಮ್ಮೆಯಿಂದ ನನ್ನ ಕಡೆ ನೋಡಿದಿರಿ. ಮಾರನೆಯ ದಿನ ನಾನು ಮನೆ ಬಿಟ್ಟದ್ದು ಆ ಮುಖ ನೋಡಲಾರದೆ.